ಕಾರವಾರಕ್ಕೆ ಹೋಗದವರು

ದೊಡ್ಡ ರಸ್ತೆಗೆ ನಮ್ಮ ಮೊಪೆಡ್ಡನ್ನು ಬಿಡುವುದಿಲ್ಲ,
ಮಂಡ್ಯದಿಂದ ಸರ್ವಿಸ್ ರೋಡಿನಲ್ಲೇ ಬಂದೆವು.
ಹಿಂದೆ ಮುಬೀನ, ಅವಳ ತೊಡೆಯ ಮೇಲೆ ಬುತ್ತಿ,
ಬುತ್ತಿಯ ಮೇಲೆ ಕೊಡೆ, ಕೊಡೆಯ ಮೇಲೆ ಗದ್ದ.
ಹಂಪು ಬಂದಾಗೆಲ್ಲ ಆ ಗದ್ದ ನನ್ನ ಬೆನ್ನಿಗೆ.

‘ಬೀಚಿಗೆ ಹೊಂಟಿದ್ದೀವಿ ಕಣಪ್ಪ’ ಅಂದಳು,
ಬಾಬುರಾಯನಕೊಪ್ಪಲಿನಲ್ಲಿ ಪೆಟ್ರೋಲು ಹಾಕುವ ಹುಡುಗನಿಗೆ.
ಅವನು ಟ್ಯಾಂಕು ನೋಡಿದ, ನಮ್ಮಿಬ್ಬರ ನರೆ ನೋಡಿದ.
‘ನೂರ್ರೂಪಾಯ್ಗೆ ಅಷ್ಟು ದೂರ ಆಗಲ್ಲ ಆಂಟಿ.’

ಒಂಬತ್ತನೇ ಕ್ಲಾಸಿನ ಟೂರು, ತಲೆಗೆ ಎಂಬತ್ತು ರೂಪಾಯಿ.
ಬಸ್ಸು ಹೊರಟ ಬೆಳಿಗ್ಗೆ ನಾವಿಬ್ಬರು
ಸ್ಕೂಲಿನ ಮೋಟುಗೋಡೆ ಹತ್ತಿ ಕೂತು ಕೈ ಬೀಸಿದೆವು
(ಬೀಸದಿದ್ದರೆ ಹೊಟ್ಟೆಕಿಚ್ಚು ಅಂದುಕೊಳ್ಳುತ್ತಾರೆ).
ನಾಲ್ಕು ದಿನಕ್ಕೆ ತಿರುಗಿ ಬಂದರು,
ಜೇಬಿನಲ್ಲಿ ಮರಳು, ಬಾಯಲ್ಲಿ ಸುಳ್ಳು.
ತಿಮಿಂಗಿಲ ಕಂಡೆ ಅಂದ ಜವರಪ್ಪ.
ಸುಳ್ಳೆಂದು ಗೊತ್ತಿತ್ತು. ಆದರೂ ಕೇಳಿದೆವು,
ಎಷ್ಟುದ್ದ?

ಶ್ರೀರಂಗಪಟ್ಟಣವೇ ಒಂದು ದ್ವೀಪ.
ಸೇತುವೆ ಹತ್ತಿ, ಸೇತುವೆ ಇಳಿದು
ಮೈಸೂರಿನ ಆಸ್ಪತ್ರೆಗೆ, ಮದುವೆಗೆ, ಕೋರ್ಟಿಗೆ ಹೋಗುವಾಗ
ಒಂದು ಸಲವಾದರೂ ಹೊಳೆಯಿತೇ?
ದ್ವೀಪದಲ್ಲಿ ಕಂಡಕ್ಟರನ ಜೊತೆ ಚಿಲ್ಲರೆಗೆ ಜಗಳವಾಡಿದ್ದೇವೆ,
ದ್ವೀಪದಲ್ಲಿ ತೂಕಡಿಸಿದ್ದೇವೆ.

ಹರಿಗೋಲಿನ ಬೋರಲಿಂಗ ಲೆಕ್ಕ ಹೇಳಿದ:
‘ಕನ್ನಂಬಾಡಿ ಗೇಟು ಹಾಕಿದ್ರೆ ಇಪ್ಪತ್ತು ದಿಬ್ಬ ಅವೆ,
ಬುಟ್ರೆ ಒಂದೂ ಇಲ್ಲ.’
ಮೊದಲನೆಯದು ಬರೀ ಬಂಡೆ. ಅದರ ಮೇಲೆ
ರೆಕ್ಕೆ ಒಣಗಹಾಕಿ ನಿಂತ ನೀರುಕಾಗೆಗಳು
ನಾವು ಬಾಡಿಗೆಗೆ ಬಂದವರೆಂಬಂತೆ ನೋಡಿದವು.
ಎರಡನೆಯದರಲ್ಲಿ ಜೊಂಡು, ಒಡೆದ ಬಾಟಲಿ.
‘ಮೊಸಳೆ?’ ಅಂದೆ.
‘ಅವೆ. ಈ ಹೊತ್ನಲ್ಲಿ ಮನಗಿರ್ತವೆ.’

ಮೂರನೆಯದು ಮರಳು.
ಛತ್ರದ ಊಟದ ಹಾಲಿನಷ್ಟು ಅಗಲ, ಮೇಲೊಂದು ಹೆಜ್ಜೆಯಿಲ್ಲ.
ಚಪ್ಪಲಿ ಕೈಗೆ ತೆಗೆದುಕೊಂಡೆವು, ದೇವಸ್ಥಾನಕ್ಕೆ ಬಂದವರ ಹಾಗೆ.
ಕೊಡೆ ನೆಟ್ಟರೆ ಬಿತ್ತು. ಮತ್ತೆ ನೆಟ್ಟೆವು.
ಮಂಡಿ ನೋವಿನವಳು, ನಾಲ್ಕು ಮೆಟ್ಟಿಲಿಗೆ ‘ಯಾ ಅಲ್ಲಾ’ ಅನ್ನುವವಳು,
ಸೀರೆ ಎತ್ತಿಕಟ್ಟಿ ದಿಬ್ಬದ ಸುತ್ತ ಓಡಿದಳು
ಪೂರಾ ಒಂದು ಸುತ್ತು,
ದ್ವೀಪ ಹೌದೋ ಅಲ್ಲವೋ ಅಂತ ಖಾತ್ರಿ ಮಾಡಿಕೊಳ್ಳಲಿಕ್ಕೆ.

ಆಮೇಲೆ ಸೀಬೆಕಾಯಿಗೆಂದು ತಂದ ಉಪ್ಪಿನ ಪೊಟ್ಟಣ ಬಿಚ್ಚಿ
ಅಷ್ಟನ್ನೂ ಕಾವೇರಿಗೆ ಸುರಿದಳು.
ಬೊಗಸೆಯಲ್ಲಿ ಎತ್ತಿ ನನ್ನ ಬಾಯಿಗೆ ಹಿಡಿದಳು:
‘ಈಗ ನೋಡು.’
ಪಾಚಿಯ ರುಚಿ, ಅವಳ ಬೆರಳಿನ ಬೆಳ್ಳುಳ್ಳಿ,
ಎಲ್ಲೋ ಕೊನೆಗೆ ಒಂದು ಹರಳು ಉಪ್ಪು.
‘ಕಡಲೇ’ ಅಂದೆ.

ಸೀಬೆಕಾಯಿ ಸಪ್ಪೆಯಾಗೇ ತಿಂದೆವು.
ಬೀಜ ಉಗಿಯುತ್ತ, ನೀರಿನ ಕಡೆ ಮುಖ ಮಾಡಿ ಹೇಳಿದಳು,
‘ಅವತ್ತು ಅಬ್ಬಾ ದುಡ್ಡು ಕೊಟ್ಟಿದ್ರು ಕಣೆ ಇಂದ್ರಿ.
ಸೈಕಲ್ ಶಾಪಿನ ಗಲ್ಲಾದಿಂದ ತೆಗೆದು, ಎಂಬತ್ತೂ.’
‘ಮತ್ತೆ?’
‘ನೀನು ಗೋಡೆ ಮೇಲೆ ಒಬ್ಬಳೇ ಕೂರಬೇಕಿತ್ತಲ್ಲ.’
‘ದುಡ್ಡು?’
‘ಚಪ್ಪಲಿ ತಗೊಂಡೆ. ಮಿಕ್ಕಿದ್ದಕ್ಕೆ ಖಾರಾಬೂಂದಿ.
ಅರ್ಧ ನೀನೇ ತಿಂದಿದ್ದೀಯ.’

ನಲವತ್ತು ವರ್ಷ ಹಿಂದಿನ ಬೂಂದಿ
ಗಂಟಲಲ್ಲಿ ಸಿಕ್ಕಿಕೊಂಡಿತು.
ಏನು ಹೇಳಬೇಕಿತ್ತೋ, ನಾನು ಕೊಡೆ ಸರಿಮಾಡಿದೆ,
ನೆರಳು ಅವಳ ಕಡೆಗೆ ಬೀಳುವ ಹಾಗೆ.
ಬೋರಲಿಂಗ ಆಚೆಯಿಂದ ಕೂಗಿದ. ನೀರು
ನಮ್ಮ ಮೊದಲ ಹೆಜ್ಜೆಗಳನ್ನು ಆಗಲೇ ತೆಗೆದುಕೊಂಡಿತ್ತು.

ಸಂಜೆ ಅವಳ ಬಾಗಿಲಲ್ಲಿ ಕೊಡೆ ಒದರಿದಾಗ
ಮೊಮ್ಮಗನ ಕಾಲಿನ ಮೇಲೆ ಮರಳು ಉದುರಿತು.
‘ಎಲ್ಲಿಗ್ಹೋಗಿದ್ದೆ ದಾದಿ?’
‘ಕಾರವಾರ’ ಅಂದಳು, ರೆಪ್ಪೆ ಕದಲಿಸದೆ.
‘ತಿಮಿಂಗಿಲ ಇತ್ತಾ?’
ನನ್ನ ಕಡೆ ನೋಡಿದಳು.
ಒಂದು ಕೈಯಲ್ಲಿ ಖಾಲಿ ಬುತ್ತಿ, ಇನ್ನೊಂದರಲ್ಲಿ ಗಾಡಿಯ ಕೀ,
ಎರಡೂ ತೋಳು ಆದಷ್ಟು ಅಗಲಿಸಿ
ನಾನು ಅವರ ವಠಾರದಲ್ಲಿ ನಿಂತೆ.